ಕಬ್ಬಿಣದ ಕದ

'ಬಾಗಿಲು' ಎಂಬ ಮಾತಿನಲ್ಲಿ ಬಾಯಿ ಅಡಗಿದೆ. ತಮಿಳಿನ 'ವಾಯಿಲ್' ಮತ್ತು ನಮ್ಮ ಹಳಗನ್ನಡದ 'ಬಾಗಿಲ್' ಎರಡೂ ಮನೆಯ ಬಾಯಿ ಎಂಬ ಒಂದೇ ಭಾವನೆಯಿಂದ ಹುಟ್ಟಿದವೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಹಾಗೆಯೇ 'ಕಬ್ಬಿಣ'ವೆಂಬುದು ಕರಿದು ಮತ್ತು ಪೊನ್ ಸೇರಿ ಆದ 'ಕರ್ಬೊನ್' ಎಂಬುದರ ಸವೆದ ರೂಪ. ಕಪ್ಪು ಹೊನ್ನು ಎಂದು ಅದರ ಅರ್ಥ. ಈ ಎರಡು ಮಾತುಗಳೂ ನಮ್ಮ ಭಾಷೆಯಷ್ಟೇ ಹಳೆಯವು. ಆದರೆ ಬಾಗಿಲು ಮತ್ತು ಕಬ್ಬಿಣ ಸಾಮಾನ್ಯ ಮನುಷ್ಯನ ಪಾಲಿಗೆ ಒಂದುಗೂಡಿದ್ದು ತೀರ ಈಚೆಗೆ. ಆ ಕೂಡಿಕೆಯ ಚರಿತ್ರೆಯನ್ನು ಕುರಿತು, ಅದರಲ್ಲಿಯೂ ನಾನು ವಾಸವಾಗಿರುವ ಮೈಸೂರಿನ ಗೋಕುಲಂ ಬಡಾವಣೆಯಲ್ಲಿ ಮನೆಯ ಹಿತ್ತಲಿನಲ್ಲಿಯೇ ತಯಾರಾದ ಒಂದು ಜೊತೆ ಕಬ್ಬಿಣದ ಕದಗಳನ್ನು ಕುರಿತು, ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಬಾಗಿಲುಗಳ ಚರಿತ್ರೆಯೆಂದರೆ ನಮಗೆ ಕೂಡಲೆ ನೆನಪಾಗುವುದು ಅರಮನೆ, ದೇವಾಲಯ, ಕೋಟೆ. ಮೈಸೂರಿಗೆ ಬಂದವರಿಗೆಲ್ಲ ನಾವು ಅಂಬಾವಿಲಾಸದ ಬೆಳ್ಳಿಯ ಬಾಗಿಲನ್ನೂ ದಂತದ ಕುಸುರಿ ಕೂರಿಸಿದ ಬೀಟೆಯ ಬಾಗಿಲನ್ನೂ ತೋರಿಸುತ್ತೇವೆ. ತೋರಿಸಬೇಕಾದದ್ದೇ. ಆದರೆ ಅದೇ ಊರಿನ ಅಡ್ಡರಸ್ತೆಗಳಲ್ಲಿ ಲೇತು, ಡ್ರಿಲ್ಲು, ಸೈಕಲ್ಲು, ಸ್ಕೂಟರುಗಳನ್ನು ಒಳಗಿಟ್ಟುಕೊಂಡು ಸಂಜೆಗೆ ಬೀಗ ಹಾಕಿಸಿಕೊಳ್ಳುವ ಕಬ್ಬಿಣದ ಬಾಗಿಲುಗಳ ಮುಂದೆ ಯಾರೂ ನಿಂತು ನೋಡಿದವರಿಲ್ಲ. ಅವುಗಳಿಗೆ ಶಾಸನವಿಲ್ಲ, ಶಿಲ್ಪಿಯ ಹೆಸರಿಲ್ಲ. ನಮ್ಮ ಕೈಗಾರಿಕೆಯ ಚರಿತ್ರೆಗಳು ಟನ್ನುಗಳನ್ನು ಎಣಿಸುತ್ತವೆಯೇ ಹೊರತು ಬಾಗಿಲುಗಳನ್ನು ಎಣಿಸುವುದಿಲ್ಲ.

ಹಿಂದೆ ಬಾಗಿಲಿನ ಮೈಯೆಲ್ಲ ಮರ. ಕಬ್ಬಿಣಕ್ಕೆ ಅಲ್ಲಿ ಸಿಕ್ಕುತ್ತಿದ್ದದ್ದು ಆಭರಣದ ಸ್ಥಾನ: ಮೊಳೆ, ಬಳೆ, ಚಿಲಕ, ಸರಪಳಿ, ಬೀಗ. ಕೋಟೆಯ ಹೆಬ್ಬಾಗಿಲುಗಳಿಗೂ ಒಡಲು ಮರದ್ದೇ. ಮೇಲೆ ಕಬ್ಬಿಣದ ಪಟ್ಟಿ ಹೊಡೆದು, ಆನೆಯ ಹಣೆಗೆ ಎದುರಾಗಿ ಮುಳ್ಳುಗಳನ್ನು ನಾಟುತ್ತಿದ್ದರು. ಇದಕ್ಕೆ ಕಾರಣ ನಮ್ಮವರಿಗೆ ಕಬ್ಬಿಣದ ವಿದ್ಯೆ ತಿಳಿಯದಿದ್ದದ್ದಲ್ಲ. ೧೮೦೦-೧೮೦೧ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಮಾಗಡಿಯ ಕಡೆಯ ಘಟ್ಟಿಪುರದಲ್ಲಿ ಕಬ್ಬಿಣ ಕರಗಿಸುತ್ತಿದ್ದ ಕುಲುಮೆಗಳನ್ನೂ ಚನ್ನರಾಯನದುರ್ಗದ ಹತ್ತಿರ ಉಕ್ಕು ಮಾಡುತ್ತಿದ್ದ ಮೂಸೆಗಳನ್ನೂ ಕಂಡು ವಿವರವಾಗಿ ಬರೆದಿಟ್ಟಿದ್ದಾನೆ. ಹಳ್ಳಕೊಳ್ಳಗಳ ಕಪ್ಪು ಮರಳನ್ನು ತೊಳೆದು ಅದಿರನ್ನು ಬೇರ್ಪಡಿಸುವುದು, ಇದ್ದಿಲು ಬೆರೆಸಿ ಮಣ್ಣಿನ ಕುಲುಮೆಗೆ ಸುರಿಯುವುದು, ತೊಗಲಿನ ತಿದಿಗಳನ್ನು ಬಿಡದೆ ಒತ್ತುವುದು, ಕೊನೆಗೆ ಕೆಳಗಿಳಿದ ಗಟ್ಟಿಯನ್ನು ಬಡಿದು ಕಿಟ್ಟವನ್ನು ಹೊರಡಿಸುವುದು; ಉಕ್ಕು ಬೇಕಾದರೆ ಆ ಕಬ್ಬಿಣದ ತುಂಡನ್ನು ತಂಗಡಿಯ ಕಡ್ಡಿಯೊಡನೆ ಮಣ್ಣಿನ ಮೂಸೆಯಲ್ಲಿ ಮುಚ್ಚಿ ಕಾಯಿಸುವುದು. ಯೂರೋಪಿನವರು 'ವೂಟ್ಸ್' ಎಂದು ಕರೆದು ಬೆರಗಾದ ಲೋಹದ ಹೆಸರು ನಮ್ಮ 'ಉಕ್ಕು' ಎಂಬ ಮಾತಿನಿಂದಲೇ ಬಂದದ್ದೆಂದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ.

ಹೀಗೆ ಲೋಹವೇನೋ ಒದಗುತ್ತಿತ್ತು, ಆದರೆ ಗಟ್ಟಿಗಟ್ಟಿಯಾಗಿ, ಸ್ವಲ್ಪ ಸ್ವಲ್ಪವಾಗಿ. ಒಂದು ಗುಳಕ್ಕೆ, ಒಂದು ಕೊಡಲಿಗೆ, ಒಂದು ಕತ್ತಿಗೆ ಅದು ಸಾಕು. ಅದನ್ನು ಸುತ್ತಿಗೆಯಿಂದ ಬಡಿದು ಬಡಿದು ಆಳೆತ್ತರದ ತಗಡಾಗಿ ಹಿಗ್ಗಿಸುವುದೆಂದರೆ ಒಂದು ಊರಿನ ಕಮ್ಮಾರರೆಲ್ಲ ಸೇರಿದರೂ ಮುಗಿಯದ ಕೆಲಸ. ಬಾಗಿಲಿಗೆ ಬೇಕಾದದ್ದು ಲೋಹದ ಬಲಕ್ಕಿಂತ ಹೆಚ್ಚಾಗಿ ಲೋಹದ ಹರವು. ಆ ಹರವನ್ನು ಕೊಡಬಲ್ಲದ್ದು ಉರುಳೆಗಳ ನಡುವೆ ಉಕ್ಕನ್ನು ಅರೆದು ಚಾಪೆಯಂತೆ ಹಾಸುವ ಯಂತ್ರವೊಂದೇ. ಅಂಥ ಯಂತ್ರಗಳ ಸರಕು ಪರದೇಶದಿಂದ ಬಂದು ನಮ್ಮ ಕುಲುಮೆಗಳ ಬೆಂಕಿಯನ್ನು ಆರಿಸಿತು. ಕಾಡು ಸರ್ಕಾರದ ಹಿಡಿತಕ್ಕೆ ಸೇರಿ ಇದ್ದಿಲೂ ದುಬಾರಿಯಾಯಿತು. ೧೮೮೨ರಲ್ಲಿ ಬೆಂಗಳೂರಿನ ರೈಲು ಮೈಸೂರನ್ನು ಮುಟ್ಟಿದ ಮೇಲಂತೂ ಕಡಲಾಚೆಯ ಕಬ್ಬಿಣ ನಮ್ಮ ಬಾಗಿಲಿಗೇ ಬಂದು ಇಳಿಯತೊಡಗಿತು.

ಮೈಸೂರಿನಲ್ಲಿ ಮರದ ಮೇಲಿನ ನಂಬಿಕೆ ಸುಟ್ಟುಹೋದದ್ದು ೧೮೯೭ರಲ್ಲಿ. ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಂದರ್ಭದಲ್ಲಿ ಹಳೆಯ ಮರದ ಅರಮನೆಗೆ ಬೆಂಕಿ ಬಿತ್ತು. ಹೆನ್ರಿ ಇರ್ವಿನ್ ಹೊಸ ಅರಮನೆಯನ್ನು ಕಲ್ಲು, ಇಟ್ಟಿಗೆ, ಕಬ್ಬಿಣಗಳಲ್ಲಿ ಯೋಜಿಸಿದ; ೧೯೧೨ರಲ್ಲಿ ಅದು ಮುಗಿಯಿತು. ಕಲ್ಯಾಣ ಮಂಟಪದ ಎರಕದ ಕಂಬಗಳು ಗ್ಲಾಸ್ಗೋ ನಗರದ ವಾಲ್ಟರ್ ಮ್ಯಾಕ್‌ಫರ್ಲೇನರ ಸರಾಸೆನ್ ಫೌಂಡ್ರಿಯಿಂದ ಬಂದವು. ನವಿಲುಗಳ ಗಾಜಿನ ಮಾಡನ್ನು ತಲೆಯೆತ್ತಿ ನೋಡುವ ಭರದಲ್ಲಿ ಆ ಕಂಬಗಳನ್ನು ಬೆರಳಿನಿಂದ ತಟ್ಟಿ ನೋಡುವವರು ಕಡಮೆ. ತಟ್ಟಿದರೆ ಲೋಹದ ದನಿ ಕೇಳುತ್ತದೆ. ಅಷ್ಟಾದರೂ ಬಾಗಿಲುಗಳು ಮಾತ್ರ ಮರ ಮತ್ತು ಬೆಳ್ಳಿಯಲ್ಲಿಯೇ ಉಳಿದವು. ಕಬ್ಬಿಣ ಅರಮನೆಯನ್ನು ಹೊರುವ ಆಳಾಯಿತು, ಅತಿಥಿಗಳನ್ನು ಎದುರುಗೊಳ್ಳುವ ಪಡಿಯರನಾಗಲಿಲ್ಲ.

ಮುಂದಿನ ಕಥೆ ಭದ್ರಾವತಿಯದು. ೧೯೧೮ರಲ್ಲಿ ಆರಂಭವಾದ ಕೆಲಸ ಮುಗಿದು ೧೯೨೩ರಲ್ಲಿ ಅಲ್ಲಿನ ಕುಲುಮೆ ಉರಿಯಿತು. ವಿಶ್ವೇಶ್ವರಯ್ಯನವರು ಅದರ ಆಡಳಿತ ಮಂಡಲಿಯ ಅಧ್ಯಕ್ಷರಾಗಿ ಕಷ್ಟದ ವರ್ಷಗಳಲ್ಲಿ ಅದನ್ನು ದಡ ಮುಟ್ಟಿಸಿದರು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಮರದ ಇದ್ದಿಲು: ಘಟ್ಟಿಪುರದ ಹಳೆಯ ವಿದ್ಯೆಯೇ ಒಂದು ಬೃಹದಾಕಾರ ತಾಳಿ ಬಂದಂತೆ. ಆದರೆ ಕುಲುಮೆಯಿಂದ ಮೊದಲು ಹರಿದದ್ದು ಬೀಡು ಕಬ್ಬಿಣ. ಅದು ಎರಕಕ್ಕೆ ಒಗ್ಗುತ್ತದೆ, ಕೊಳವೆಗೆ ಒಗ್ಗುತ್ತದೆ. ಏಟು ಬಿದ್ದರೆ ಮಡಕೆಯಂತೆ ಒಡೆಯುತ್ತದೆ. ಬಾಗಿಲಿಗೆ ಬೇಕಾದದ್ದು ಬಗ್ಗಿದರೂ ಮುರಿಯದ ಮೆದು ಉಕ್ಕು. ಭದ್ರಾವತಿಯಲ್ಲಿ ಉಕ್ಕಿನ ತಯಾರಿಕೆ ಆರಂಭವಾದದ್ದು ೧೯೩೬ರಲ್ಲಿ. ಅಷ್ಟರಲ್ಲಿ ಕಬ್ಬಿಣವನ್ನು ಕೂಡಿಸುವ ಇನ್ನೊಂದು ಸಾಧನವೂ ಮೈಸೂರಿಗೆ ಬಂದಾಗಿತ್ತು. ಶಿವನಸಮುದ್ರದ ವಿದ್ಯುತ್ತು ೧೯೦೨ರಲ್ಲಿ ಕೋಲಾರದ ಗಣಿಗೆ, ೧೯೦೫ರಲ್ಲಿ ಬೆಂಗಳೂರಿಗೆ, ೧೯೦೮ರಲ್ಲಿ ಮೈಸೂರಿಗೆ ತಲುಪಿತು. ದೀಪಕ್ಕೆಂದು ಬಂದ ಆ ತಂತಿಯೇ ಮುಂದೆ ಬೆಸುಗೆಗೂ ಒದಗಿತು. ಅದಕ್ಕೆ ಮೊದಲು ಎರಡು ಕಬ್ಬಿಣಗಳನ್ನು ಕೂಡಿಸಬೇಕಾದರೆ ಕುಲುಮೆಯಲ್ಲಿ ಬೆಳ್ಳಗೆ ಕಾಯಿಸಿ ಬಡಿಯಬೇಕು, ಇಲ್ಲವೆ ತೂತು ಕೊರೆದು ರಿವೆಟ್ಟು ಹೊಡೆಯಬೇಕು. ಎರಡಕ್ಕೂ ಹಲವು ಕೈ ಬೇಕು. ವಿದ್ಯುತ್ತಿನ ಬೆಸುಗೆಗೆ ಒಬ್ಬನೇ ಸಾಕು. ಕಬ್ಬಿಣದ ಬಾಗಿಲು ಮನೆಯಲ್ಲಿ ಮಾಡಬಹುದಾದ ವಸ್ತುವಾದದ್ದು ಇದರಿಂದಲೇ ಎಂದು ನನ್ನ ತಿಳಿವಳಿಕೆ.

ಇಷ್ಟೆಲ್ಲ ಒದಗಿದರೂ ಸಾಮಾನ್ಯನಿಗೆ ತಗಡು ಸುಲಭವಾಗಿ ದಕ್ಕಲಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ, ೧೯೪೧ರಲ್ಲಿ, ಕಬ್ಬಿಣ ಮತ್ತು ಉಕ್ಕಿನ ಹಂಚಿಕೆ ಸರ್ಕಾರದ ನಿಯಂತ್ರಣಕ್ಕೆ ಒಳಪಟ್ಟಿತು. ಯುದ್ಧ ಮುಗಿಯಿತು, ಸ್ವಾತಂತ್ರ್ಯ ಬಂದಿತು. ನಿಯಂತ್ರಣ ಮಾತ್ರ ಒಮ್ಮೆ ಸಡಿಲವಾಗಿ ಒಮ್ಮೆ ಬಿಗಿಯಾಗಿ ೧೯೯೨ರ ಜನವರಿಯವರೆಗೆ ನಡೆದುಬಂದಿತು. ಅಣೆಕಟ್ಟು, ಸೇತುವೆ, ಕಾರ್ಖಾನೆಗಳಿಗೆ ಉಕ್ಕು ಮೊದಲು ಸಲ್ಲಬೇಕೆಂಬ ವಿಚಾರ ತಪ್ಪೆಂದು ನಾನು ಹೇಳಲಾರೆ. ಆದರೆ ಹಿತ್ತಲಿನ ಷೆಡ್ಡಿಗೆ ಬಾಗಿಲು ಬೇಕಾದವನು ಆ ಸಾಲಿನ ಕೊನೆಯಲ್ಲಿ ನಿಂತಿದ್ದ. ಅವನು ಹೊಸ ತಗಡಿನ ಆಸೆಯನ್ನು ಬಿಟ್ಟು ಗುಜರಿಯ ಕಡೆಗೆ ತಿರುಗಿದ.

ಗೋಕುಲಂ ಇರುವುದು ಮೈಸೂರಿನ ವಾಯವ್ಯಕ್ಕೆ, ವಾಣಿವಿಲಾಸ ಮೊಹಲ್ಲಾ, ಜಯಲಕ್ಷ್ಮೀಪುರ, ಯಾದವಗಿರಿಗಳ ನೆರೆಯಲ್ಲಿ. ಹೊರಗಿನವರಿಗೆ ಅದು ಇಂದು ಯೋಗ ಕಲಿಯಲು ಪರದೇಶದವರು ಬಂದು ತಂಗುವ ಬಡಾವಣೆ. ನಮಗೆ ಅದು ಮೊದಲಿನಿಂದಲೂ ಮೇಷ್ಟರುಗಳು, ಗುಮಾಸ್ತರು, ಕಾರ್ಖಾನೆಯ ನೌಕರರು ಮನೆ ಕಟ್ಟಿಕೊಂಡ ಜಾಗ. ಈ ಮಾತುಗಳನ್ನು ಪ್ರಸಾರ ಮಾಡುತ್ತಿರುವ ಆಕಾಶವಾಣಿಯ ನಿಲಯ ಇರುವ ಯಾದವಗಿರಿಯಲ್ಲಿಯೇ ೧೯೬೧ರಲ್ಲಿ ಐಡಿಯಲ್ ಜಾವಾ ಮೋಟಾರ್ ಸೈಕಲ್ಲಿನ ಕಾರ್ಖಾನೆ ಕೆಲಸ ಆರಂಭಿಸಿತು, ೧೯೯೬ರಲ್ಲಿ ಮುಚ್ಚಿತು. ನಗರದ ಇನ್ನೊಂದು ತುದಿಯಲ್ಲಿ ೧೯೨೪ರ ರೈಲ್ವೆ ಕಾರ್ಯಾಗಾರವಿದೆ. ಇಂಥ ಕಡೆಗಳಲ್ಲಿ ಅರ, ಕೊರೆ, ಬೆಸುಗೆಗಳನ್ನು ಕಲಿತ ಕೈಗಳು ಸಂಜೆ ಮನೆಗೆ ಬಂದ ಮೇಲೂ ಸುಮ್ಮನಿರುತ್ತಿರಲಿಲ್ಲ. ಹಿತ್ತಲಿನಲ್ಲೊಂದು ಷೆಡ್ಡು, ಅದರಲ್ಲೊಂದು ವೈಸು, ಸಾಲ ಮಾಡಿ ತಂದ ಹಳೆಯ ಲೇತು. ಅದಕ್ಕೊಂದು ಬಾಗಿಲು ಬೇಕು.

ನಾನು ಗೋಕುಲಂಗೆ ಬಂದದ್ದು ೧೯೮೪ರಲ್ಲಿ. ಎರಡು ವರ್ಷದ ಮೇಲೆ ನಮ್ಮ ಬೀದಿಯ ಹಿರಿಯರೊಬ್ಬರು, ಫಿಟ್ಟರ್ ಕೆಲಸ ಮಾಡಿ ನಿವೃತ್ತರಾದವರು, ತಮ್ಮ ಷೆಡ್ಡಿಗೆ ಎಂಟಡಿ ಅಗಲ ಏಳಡಿ ಎತ್ತರದ ಜೋಡಿ ಕದ ಮಾಡಲು ತೊಡಗಿದರು. ತೇಗದ ಬೆಲೆ ಕೇಳಿ ಬಂದು, ನಕ್ಕು, ಮಂಡಿ ಮೊಹಲ್ಲಾದ ಕಡೆಯ ಗುಜರಿಯಿಂದ ಇನ್ನೂರು ಲೀಟರು ಹಿಡಿಯುವ ಐದು ಎಣ್ಣೆಯ ಡ್ರಮ್ಮುಗಳನ್ನೂ ಹಳೆಯ ಮಂಚಗಳ ಆ್ಯಂಗಲ್ ಪಟ್ಟಿಗಳನ್ನೂ ಕೈಗಾಡಿಯಲ್ಲಿ ಹೇರಿಸಿ ತಂದರು. ಐದೇ ಏಕೆ ಎಂದು ಕೇಳಿದೆ.

"ಲೆಕ್ಕ ಹಾಕಿದೀನಿ ಮೇಷ್ಟ್ರೇ" ಎಂದರು. ಡ್ರಮ್ಮಿನ ತಲೆ ಬುಡಗಳನ್ನು ತೆಗೆದು ಮೈಯನ್ನು ಸೀಳಿ ಬಿಡಿಸಿದರೆ ಹೆಚ್ಚುಕಡಮೆ ಆರಡಿ ಉದ್ದ ಮೂರಡಿ ಅಗಲದ ತಗಡು. ಅದನ್ನು ನಾಲ್ಕಡಿಗೆ ಕತ್ತರಿಸಿ ಅಡ್ಡಡ್ಡಲಾಗಿ ಒಂದರ ಮೇಲೊಂದು ಇಟ್ಟರೆ ಒಂದು ಕದಕ್ಕೆ ಎರಡು. ಉಳಿದ ಒಂದಡಿ ಚಿಲ್ಲರೆಯ ಎತ್ತರಕ್ಕೆ ಎರಡು ಕದಗಳಿಗೂ ಸೇರಿ ಐದನೆಯ ಡ್ರಮ್ಮು. ದರ್ಜಿಯೊಬ್ಬ ಬಟ್ಟೆಯನ್ನು ನೋಡುವಂತೆ ಅವರು ಡ್ರಮ್ಮುಗಳನ್ನು ನೋಡಿದ್ದರು.

ಡ್ರಮ್ಮನ್ನು ಬೆಂಕಿಯಿಂದ ಕತ್ತರಿಸುವುದು ಅಪಾಯ. ಒಳಗೆ ಉಳಿದ ಎಣ್ಣೆಯ ಆವಿ ಸಿಡಿಯುತ್ತದೆ. ಅವರು ಸೀಗೆಪುಡಿ, ಸೋಪು, ಬಿಸಿನೀರು ಹಾಕಿ ತೊಳೆದು, ಚಾಣ ಮತ್ತು ಸುತ್ತಿಗೆಯಿಂದ ಸೀಳಿದರು. ಬಿಡಿಸಿದ ತಗಡನ್ನು ಚಪ್ಪಡಿಯ ಮೇಲೆ ಹಾಸಿ ಮರದ ಕೊಡತಿಯಿಂದ ತಟ್ಟಿದರು. ಡ್ರಮ್ಮಿನ ಹೊಟ್ಟೆಯ ಸುತ್ತ ಎರಡು ಉಬ್ಬು ಬಳೆಗಳಿರುತ್ತವೆ. ತಗಡು ಚಪ್ಪಟೆಯಾದಾಗ ಅವು ಎರಡು ಉಬ್ಬು ಗೆರೆಗಳಾಗಿ ಉಳಿದವು. ಅವನ್ನೂ ತಟ್ಟಿ ಸಮ ಮಾಡಬಾರದೇಕೆಂದು ನನ್ನಂಥ ಅಕ್ಷರಸ್ಥನಿಗೆ ಅನ್ನಿಸಿತು. ಅವರು ಒಪ್ಪಲಿಲ್ಲ. ಚಪ್ಪಟೆ ತಗಡು ಗಾಳಿಗೆ ಗಡಗಡ ಎನ್ನುತ್ತದೆ, ಒದ್ದರೆ ತಗ್ಗಾಗುತ್ತದೆ. ಉಬ್ಬು ಗೆರೆಯಿರುವ ತಗಡು ಬಾಗುವುದಿಲ್ಲ. ಡ್ರಮ್ಮನ್ನು ಉರುಳಿಸಲಿಕ್ಕೆಂದು ಮಾಡಿದ ಬಳೆ ಬಾಗಿಲಿಗೆ ಬೆನ್ನೆಲುಬಾಯಿತು.

ಚೌಕಟ್ಟಿಗೆ ಅವರು ಮೂಲೆಮಟ್ಟ ಹಿಡಿದದ್ದಕ್ಕಿಂತ ಹೆಚ್ಚಾಗಿ ದಾರ ಹಿಡಿದರು. ನಾಲ್ಕಡಿ ಏಳಡಿಯ ಚೌಕಟ್ಟಿನ ಎರಡು ಕರ್ಣಗಳೂ ಎಂಟಡಿ ಮುಕ್ಕಾಲು ಅಂಗುಲ ಬಂದರೆ ಮೂಲೆ ನೇರ. ಶುಲ್ಬಸೂತ್ರದ ಕಾಲದಲ್ಲಿ ಯಜ್ಞವೇದಿಯನ್ನು ಅಳೆದವರ ಕೈಯಲ್ಲಿದ್ದದ್ದೂ ಇಂಥ ದಾರವೇ ಎಂದು ನಾನು ಹೇಳಿದಾಗ, "ಇರಬಹುದು, ತುದಿ ಹಿಡ್ಕೊಳ್ಳಿ" ಎಂದರು. ಭಾನುವಾರದ ಮಟ್ಟಿಗೆ ಬಾಡಿಗೆಗೆ ತಂದ ವೆಲ್ಡಿಂಗ್ ಯಂತ್ರ ಗುರುಗುಟ್ಟಿದಾಗಲೆಲ್ಲ ನಮ್ಮ ಮನೆಗಳ ದೀಪಗಳು ಮಂಕಾದವು. ಮಕ್ಕಳು ಆ ನೀಲಿ ಬೆಳಕನ್ನು ನೋಡದಂತೆ ಅವರ ಮನೆಯವರು ಗೋಣಿಯ ಪರದೆ ಕಟ್ಟಿದ್ದರು. ಕಣ್ಣಿನ ಗಾಜಿಲ್ಲದೆ ನೋಡಿದವನಿಗೆ ರಾತ್ರಿ ಕಣ್ಣಿಗೆ ಮರಳು ತುಂಬಿದಂತಾಗುತ್ತದೆ.

ಬೆಸುಗೆಯನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಸಾಲಾಗಿ ಎಳೆದುಕೊಂಡು ಹೋಗಬಹುದೆಂದು ನಾನು ಭಾವಿಸಿದ್ದೆ. ಹಾಗೆ ಮಾಡಿದರೆ ತಗಡು ಕಾದ ಹಪ್ಪಳದಂತೆ ಸೊಟ್ಟಗಾಗುತ್ತದೆಯಂತೆ. ಅವರು ಇಲ್ಲೊಂದು ಅಂಗುಲ ಬೆಸೆದು, ಎದುರು ಮೂಲೆಗೆ ಹೋಗಿ ಅಲ್ಲೊಂದು ಅಂಗುಲ ಬೆಸೆದು, ಆರಲು ಬಿಟ್ಟು ಬೀಡಿ ಸೇದುತ್ತಿದ್ದರು. "ಕಬ್ಬಿಣ ಬಿಸಿ ತಾಗಿದ ಕಡೆಗೆ ಎಳ್ಕೊಳ್ಳುತ್ತೆ ಮೇಷ್ಟ್ರೇ. ಈ ಕಡೆ ಎಳೆದಷ್ಟೂ ಆ ಕಡೆಯಿಂದ ಎಳೀಬೇಕು." ತಗಡಿನ ಜೋಡಣೆಗಳೆಲ್ಲ ಅಡ್ಡಪಟ್ಟಿಯ ಮೇಲೆಯೇ ಬರುವಂತೆ ನೋಡಿಕೊಂಡರು. ಕೆಳಗಿನ ಆ್ಯಂಗಲ್ಲಿನಲ್ಲಿ ಮಳೆನೀರು ನಿಲ್ಲದಂತೆ ಮೂರು ತೂತು ಕೊರೆದರು. ಇಡೀ ಕೆಲಸದಲ್ಲಿ ಅತ್ಯಂತ ದೂರದೃಷ್ಟಿಯದು ಆ ಮೂರು ತೂತುಗಳೇ. ಕಬ್ಬಿಣದ ಬಾಗಿಲನ್ನು ಕಳ್ಳನಿಗಿಂತ ಹೆಚ್ಚಾಗಿ ಕೊಲ್ಲುವುದು ಬುಡದಲ್ಲಿ ನಿಂತ ನೀರು.

ಇನ್ನು ತಿರುಗುಣಿ. ಅಂಗಡಿಯ ಹಿಂಜುಗಳನ್ನು ಅವರು ಕೊಳ್ಳಲಿಲ್ಲ. ಕದದ ಅಂಚಿಗೆ ದಪ್ಪ ಸರಳೊಂದನ್ನು ಬೆಸೆದು, ಅದರ ಮೇಲಿನ ತುದಿಯನ್ನು ಗೋಡೆಯಿಂದ ಚಾಚಿದ ಕೊಳವೆಯ ತುಂಡಿಗೆ ತೂರಿಸಿ, ಕೆಳಗಿನ ತುದಿಯನ್ನು ನೆಲದಲ್ಲಿ ಹೂತ ಕಬ್ಬಿಣದ ಬಟ್ಟಲೊಂದರಲ್ಲಿ ನಿಲ್ಲಿಸಿದರು. ಬಟ್ಟಲಿನ ತಳದಲ್ಲಿ ಹಳೆಯ ಬೇರಿಂಗಿನಿಂದ ತೆಗೆದ ಒಂದು ಉಕ್ಕಿನ ಗುಂಡು, ಅದರ ಸುತ್ತ ಗ್ರೀಸು. ಹಳೆಯ ದೇವಾಲಯಗಳ ಹೊಸ್ತಿಲಿನ ಕಲ್ಲಿನಲ್ಲಿ ನೀವು ಒಂದು ನುಣುಪಾದ ಗುಳಿಯನ್ನು ಕಂಡಿರಬಹುದು. ಕದದ ಮರದಲ್ಲಿಯೇ ಬಿಟ್ಟ ಗೂಟ ಆ ಗುಳಿಯಲ್ಲಿ ನಿಂತು ತಿರುಗುತ್ತಿತ್ತು. ಹಿಂಜು ಬರುವ ಮೊದಲಿನ ಏರ್ಪಾಡು ಅದು. ಭಾರವೆಲ್ಲ ಗೋಡೆಗೆ ಜೋತುಬೀಳದೆ ನೆಲಕ್ಕೆ ಇಳಿಯುತ್ತದೆಂಬುದೇ ಅದರ ಗುಣ. ಆ ಫಿಟ್ಟರು ದೇವಾಲಯದ ಬಾಗಿಲನ್ನು ನೋಡಿ ಇದನ್ನು ಮಾಡಿದರೆಂದು ನಾನು ಹೇಳುತ್ತಿಲ್ಲ. ಭಾರದ ಕದವನ್ನು ತೂಗುಹಾಕುವ ಕಷ್ಟವೇ ಬೇರೆ ಬೇರೆ ಕಾಲದವರನ್ನು ಒಂದೇ ಗುಳಿಗೆ ಕರೆತಂದಿತು.

ಭಾರವೆಂದೆ, ಆದರೆ ಅಲ್ಲೊಂದು ಬೆರಗಿದೆ. ಒಂದು ಮಿಲಿಮೀಟರು ದಪ್ಪದ ಉಕ್ಕಿನ ತಗಡು ಚದರ ಮೀಟರಿಗೆ ಎಂಟು ಕಿಲೋಗ್ರಾಮಿಗೆ ತುಸು ಕಡಮೆ ತೂಗುತ್ತದೆ. ಅವರ ತಗಡು ಒಂದು ಮಿಲಿಮೀಟರಿಗೆ ಕೊಂಚ ಮೇಲೆ. ಚೌಕಟ್ಟೂ ಸೇರಿ ಒಂದು ಕದ ಸುಮಾರು ಐವತ್ತು ಕಿಲೋ ಆಯಿತು. ಅದೇ ಅಳತೆಯ ಒಂದೂವರೆ ಅಂಗುಲ ದಪ್ಪದ ತೇಗದ ಕದ ಅರವತ್ತು ಕಿಲೋ ದಾಟುತ್ತದೆ. ಕಬ್ಬಿಣದಂತೆ ಭಾರ ಎಂದು ನಾವು ಆಡುವ ಮಾತು ಬಾಗಿಲಿನ ವಿಷಯದಲ್ಲಿ ಹೊಂದುವುದಿಲ್ಲ.

ಮರದ ಬಾಗಿಲಿಗೆ ನಮ್ಮಲ್ಲಿ ಸಂಸ್ಕಾರಗಳಿವೆ. ಬಾಗಿಲುವಾಡವನ್ನು ನಿಲ್ಲಿಸಲು ಮುಹೂರ್ತವುಂಟು. ಹೊಸ್ತಿಲಿನ ಕೆಳಗೆ ನವಧಾನ್ಯ, ನಾಣ್ಯ ಇಡುತ್ತಾರೆ. ಬಡಗಿಗೆ ವೀಳ್ಯ, ಪಂಚೆ ಸಲ್ಲುತ್ತದೆ. ಷೆಡ್ಡಿನ ಬಾಗಿಲಿಗೆ ಇದೊಂದೂ ಇಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ಅದಕ್ಕೆ ಹೊಸ್ತಿಲೇ ಇಲ್ಲ, ಏಕೆಂದರೆ ಗಾಲಿಗಳು ಒಳಗೆ ಹೋಗಬೇಕು. ಹೊಸ್ತಿಲಿಲ್ಲದ ಬಾಗಿಲು ಕನ್ನಡದ ಮನೆಗೆ ಎಷ್ಟು ಹೊಸದೆಂಬುದನ್ನು ನಮ್ಮ ಸಮಾಜಶಾಸ್ತ್ರದವರು ಗಮನಿಸಿದಂತೆ ಕಾಣೆ. ಆ ವರ್ಷದ ಆಯುಧಪೂಜೆಯ ದಿನ ಫಿಟ್ಟರ ಮಡದಿ ಎರಡು ಕದಗಳಿಗೂ ವಿಭೂತಿಯ ಪಟ್ಟೆ ಬಳಿದು, ಮಾವಿನೆಲೆ ಕಟ್ಟಿ, ಹೊಸ್ತಿಲು ಇರಬೇಕಾಗಿದ್ದ ಜಾಗದಲ್ಲಿ ನೆಲದ ಮೇಲೆಯೇ ಎರಡು ಗೆರೆ ರಂಗೋಲಿ ಎಳೆದು ಅರಿಸಿನ ಕುಂಕುಮ ಇಟ್ಟರು. ಬೂದುಗುಂಬಳಕಾಯಿಯನ್ನು ಅದರ ಆಚೆಗೆ ಒಡೆದರು. ಯಾವ ಶಾಸ್ತ್ರದಲ್ಲಿಯೂ ಹೇಳದ ಹೊಸ್ತಿಲನ್ನು ಆಕೆ ಹೀಗೆ ಕಲ್ಪಿಸಿದ್ದನ್ನು ನಾನು ಕಣ್ಣಾರೆ ಕಂಡೆ.

ನಿಯಂತ್ರಣ ಹೋದ ಮೇಲೆ ತಗಡಿಗೆ ಬರವಿಲ್ಲವಾಯಿತು. ಸುರುಳಿ ಸುತ್ತಿಕೊಂಡು ಮೇಲೇರುವ ಷಟರುಗಳು ಅಂಗಡಿಗಳಿಗೆಲ್ಲ ಬಂದವು. ಈಗ ಕಾರ್ಖಾನೆಯಲ್ಲಿಯೇ ಒತ್ತಿ, ಮೇಲೆ ತೇಗದ ಎಳೆಗಳನ್ನು ಅಚ್ಚುಹಾಕಿದ ಉಕ್ಕಿನ ಬಾಗಿಲುಗಳು ಮನೆಗಳ ಮುಂಬಾಗಿಲಿಗೇ ಸಿದ್ಧವಾಗಿ ದೊರೆಯುತ್ತವೆ. ಒಂದು ಕಾಲದಲ್ಲಿ ಮರಕ್ಕೆ ಕಬ್ಬಿಣದ ಪಟ್ಟಿ ಹೊಡೆದು ಬಲವನ್ನು ತೋರಿಸುತ್ತಿದ್ದರು. ಈಗ ಕಬ್ಬಿಣಕ್ಕೆ ಮರದ ಬಣ್ಣ ಬಳಿದು ಸಂಪತ್ತನ್ನು ತೋರಿಸುತ್ತಾರೆ. ಗೋಕುಲಂನ ಹಿತ್ತಲುಗಳಲ್ಲಿ ಲೇತುಗಳ ಸದ್ದು ಕಡಮೆಯಾಗಿದೆ. ನಿವೇಶನಗಳ ಬೆಲೆಯೇರಿ, ಷೆಡ್ಡುಗಳಿದ್ದ ಕಡೆ ಬಾಡಿಗೆಯ ಕೋಣೆಗಳೆದ್ದಿವೆ.

ಆ ಫಿಟ್ಟರು ಈಗಿಲ್ಲ. ಮನೆಯನ್ನು ಮಾರಿದಾಗ ಕದಗಳಲ್ಲೊಂದು ತೂಕದ ಲೆಕ್ಕದಲ್ಲಿ ಗುಜರಿಗೆ ಹಿಂತಿರುಗಿತು. ಇನ್ನೊಂದನ್ನು ನಮ್ಮಿಂದ ಮೂರು ಅಡ್ಡರಸ್ತೆಯಾಚೆ ಒಬ್ಬರು ತಮ್ಮ ಖಾಲಿ ನಿವೇಶನಕ್ಕೆ ಗೇಟಾಗಿ ನಿಲ್ಲಿಸಿಕೊಂಡಿದ್ದಾರೆ. ಹಸಿರು ಬಣ್ಣ ಬಳಿದಿದೆ, ಸರಪಳಿ ಹಾಕಿ ಬೀಗ ಜಡಿದಿದೆ. ಬುಡ ಇನ್ನೂ ತುಕ್ಕು ಹಿಡಿದಿಲ್ಲ. ಸಂಜೆಯ ಬಿಸಿಲು ಓರೆಯಾಗಿ ಬಿದ್ದಾಗ ಬಣ್ಣದ ಅಡಿಯಿಂದ ಡ್ರಮ್ಮಿನ ಉಬ್ಬು ಗೆರೆಗಳು, ಪ್ರತಿ ತಗಡಿಗೆ ಎರಡರಂತೆ, ಸ್ಪಷ್ಟವಾಗಿ ಕಾಣುತ್ತವೆ.